ನಾವಿಕರ ಸಂಬಳಕ್ಕೆ ಸರ್ಕಾರದ ದುಡ್ಡು: ಅಮೆರಿಕದ ಹಡಗು ಸಬ್ಸಿಡಿಯ ಹಿನ್ನೆಲೆ

ಒಂದೇ ದಾರಿಯಲ್ಲಿ ಎರಡು ಸರಕು ಹಡಗುಗಳು ಓಡುತ್ತಿವೆ ಅಂದುಕೊಳ್ಳಿ. ಒಂದರ ಮೇಲೆ ಅಮೆರಿಕದ ಬಾವುಟ (ಅಂದರೆ ಅದು ಅಲ್ಲಿ ನೋಂದಣಿಯಾದ ಹಡಗು), ಇನ್ನೊಂದರ ಮೇಲೆ ಬೇರೆ ದೇಶದ್ದು. ಸರಕು ಕಳಿಸುವವರು ಕಡಿಮೆ ಬಾಡಿಗೆ ಎಲ್ಲಿದೆಯೋ ಅಲ್ಲಿಗೇ ಹೋಗುತ್ತಾರೆ, ಅಲ್ವಾ? ಆದರೆ ಹಡಗು ನಡೆಸುವ ಖರ್ಚು ಎರಡಕ್ಕೂ ಒಂದೇ ಅಲ್ಲ. 2010ರ ಅಂಕಿಅಂಶ ಇಟ್ಟುಕೊಂಡು ಅಮೆರಿಕ ಸರ್ಕಾರವೇ ಲೆಕ್ಕ ಹಾಕಿತ್ತು: ತನ್ನ ಬಾವುಟದ ಹಡಗಿನ ದಿನದ ಖರ್ಚು ವಿದೇಶಿ ಹಡಗಿನ 2.7 ಪಟ್ಟು. ಸಿಬ್ಬಂದಿ ಖರ್ಚನ್ನಷ್ಟೇ ನೋಡಿದರೆ 5 ಪಟ್ಟಿಗೂ ಜಾಸ್ತಿ.

ಈ ಅಂತರ ತುಂಬಿಕೊಡುವ ಕೆಲಸ ಮೊದಲು ನಡೆದಿದ್ದು ಅಂಚೆಯ ಹೆಸರಲ್ಲಿ. ಬ್ರಿಟನ್ ಸರ್ಕಾರ ಕ್ಯುನಾರ್ಡ್ ಕಂಪನಿಗೆ ಅಂಚೆ ಸಾಗಿಸುವ ಗುತ್ತಿಗೆ ಕೊಟ್ಟಿತ್ತು. ಅದಕ್ಕೆ ಎದುರಾಗಿ ಅಮೆರಿಕ ತನ್ನ ಕಾಲಿನ್ಸ್ ಕಂಪನಿಗೆ ಅಂಥದೇ ಗುತ್ತಿಗೆ ಕೊಟ್ಟಿತು, 1852ರಲ್ಲಿ ಆ ಹಣವನ್ನು ವರ್ಷಕ್ಕೆ 8,58,000 ಡಾಲರ್‌ಗೆ ಏರಿಸಿತು. 1854ರಲ್ಲಿ ಕಾಲಿನ್ಸ್‌ನ ಒಂದು ಹಡಗು ಮುಳುಗಿತು, 1856ರಲ್ಲಿ ಇನ್ನೊಂದು ಪತ್ತೆಯೇ ಇಲ್ಲದಂತೆ ಮಾಯವಾಯಿತು. ಸರ್ಕಾರವೂ ಕೈ ಬಿಗಿ ಮಾಡಿತು. 1858ಕ್ಕೆ ಕಂಪನಿ ಬಾಗಿಲು ಹಾಕಿತು.

1928ರಲ್ಲಿ ಅಮೆರಿಕ ಮತ್ತೆ ಅದೇ ಅಂಚೆ ಗುತ್ತಿಗೆಯ ದಾರಿ ಹಿಡಿಯಿತು. ಸೆನೆಟರ್ ಹ್ಯೂಗೊ ಬ್ಲ್ಯಾಕ್ ತನಿಖೆ ಮಾಡಿದಾಗ ಹೂರಣ ಹೊರಬಿತ್ತು: ಸಾಗಿಸಿದ ಅಂಚೆಗೂ ಪಡೆದ ಹಣಕ್ಕೂ ತಾಳಮೇಳವೇ ಇರಲಿಲ್ಲ. ಆಗ ಅಧ್ಯಕ್ಷ ರೂಸ್‌ವೆಲ್ಟ್, ಸಬ್ಸಿಡಿ ಕೊಡುವುದಾದರೆ ಅದನ್ನು ಸಬ್ಸಿಡಿ ಅಂತಲೇ ಕರೆದು ಕೊಡೋಣ ಎಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ಹೇಳಿದರು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಸರಿ ಅನ್ನಿಸುವುದು ಈ ಮಾತೇ. ಜನರ ದುಡ್ಡು ಎಲ್ಲಿಗೆ ಹೋಗುತ್ತಿದೆ ಅಂತ ಜನರಿಗೆ ಗೊತ್ತಿರಲೇಬೇಕು.

1936ರ ಕಾಯ್ದೆ ಹುಟ್ಟಿದ್ದು ಹೀಗೆ. ಅದರ ಲೆಕ್ಕ ಸರಳ. ಅಮೆರಿಕದ ಹಡಗಿನ ಸಂಬಳ 100 ರೂಪಾಯಿ, ಅದೇ ದಾರಿಯ ವಿದೇಶಿ ಹಡಗಿನದು 40 ಅಂತಿದ್ದರೆ ಉಳಿದ 60 ಸರ್ಕಾರದ್ದು. ವಿಮೆ, ದುರಸ್ತಿಗೂ ಹೀಗೇ. ಬದಲಿಗೆ ಹಡಗು ಅಮೆರಿಕದಲ್ಲೇ ಕಟ್ಟಿರಬೇಕು, ನಾವಿಕರು ಅಮೆರಿಕದವರಾಗಿರಬೇಕು, ಸರ್ಕಾರ ಗೊತ್ತು ಮಾಡಿದ ದಾರಿಯಲ್ಲೇ ವರ್ಷಕ್ಕೆ ಇಷ್ಟು ಸಲ ಅಂತ ಓಡಬೇಕು, ಯುದ್ಧ ಬಂದರೆ ಸರ್ಕಾರದ ವಶಕ್ಕೆ ಕೊಡಬೇಕು.

ತೊಡಕು ಇದ್ದದ್ದು ಆ 60ರಲ್ಲೇ. ಸಂಬಳ 100ರಿಂದ 120ಕ್ಕೆ ಏರಿದರೆ ಹೆಚ್ಚಿನ 20 ಸರ್ಕಾರದ ತಲೆಗೆ, ಕಂಪನಿಗೆ ಏನೂ ಹೊರೆಯಿಲ್ಲ. ಹಾಗಿರುವಾಗ ಕಂಪನಿ ಚೌಕಾಸಿ ಮಾಡುವುದಾದರೂ ಯಾಕೆ, ಕಡಿಮೆ ಜನರಲ್ಲಿ ಹಡಗು ನಡೆಸುವ ದಾರಿ ಹುಡುಕುವುದಾದರೂ ಯಾಕೆ? ಇದರಲ್ಲಿ ನಾವಿಕರ ತಪ್ಪೇನೂ ಇಲ್ಲ, ಒಳ್ಳೆ ಸಂಬಳ ಕೇಳುವುದು ಅವರ ಹಕ್ಕು. ತಪ್ಪು ಇದ್ದದ್ದು ಲೆಕ್ಕದಲ್ಲಿ. 1970ರ ಕಾಯ್ದೆ ಅದನ್ನು ಸ್ವಲ್ಪ ತಿದ್ದಿತು. ಅಷ್ಟರಲ್ಲಿ ಸಬ್ಸಿಡಿ ಇಲ್ಲದೆಯೇ ಸೀ-ಲ್ಯಾಂಡ್ ಕಂಪನಿಯ ಮಾಲ್ಕಮ್ ಮೆಕ್ಲೀನ್ ಕಂಟೇನರ್ ತುಂಬಿಕೊಂಡು ಅಟ್ಲಾಂಟಿಕ್ ದಾಟಿಯಾಗಿತ್ತು.

ಅಧ್ಯಕ್ಷ ರೇಗನ್ ಕಾಲದಲ್ಲಿ ಹೊಸ ಸಬ್ಸಿಡಿ ಒಪ್ಪಂದ ಮಾಡಿಕೊಳ್ಳುವುದು ನಿಂತುಹೋಯಿತು. ಬಾವುಟ ಬದಲಿಸುತ್ತೇವೆ ಅಂತ ದೊಡ್ಡ ಕಂಪನಿಗಳು ಪಟ್ಟು ಹಿಡಿದಾಗ, 1996ರಲ್ಲಿ ಬೇರೆ ಯೋಜನೆ ಬಂತು: ವೆಚ್ಚದ ಲೆಕ್ಕ ಬೇಡ, 47 ಹಡಗಿಗೆ ತಲಾ ವರ್ಷಕ್ಕೆ ಸುಮಾರು 21 ಲಕ್ಷ ಡಾಲರ್, ಸೇನೆಗೆ ಬೇಕಾದಾಗ ಹಡಗು ಸಿಗಬೇಕು, ಅಷ್ಟೇ. ಈ ಕ್ರಮವೇ ವಾಸಿ ಅನ್ನುತ್ತೇನೆ. ಖರ್ಚು ಉಳಿಸಿದರೆ ಉಳಿದದ್ದು ಕಂಪನಿಗೇ. ಆದರೂ ಕಂಪನಿಗಳು ಉಳಿಯಲಿಲ್ಲ. ಅಮೆರಿಕನ್ ಪ್ರೆಸಿಡೆಂಟ್ ಲೈನ್ಸ್ 1997ರಲ್ಲಿ ಸಿಂಗಾಪುರದವರ ಪಾಲಾಯಿತು, ಸೀ-ಲ್ಯಾಂಡ್‌ನ ವಿದೇಶಿ ವ್ಯವಹಾರ 1999ರಲ್ಲಿ ಡೆನ್ಮಾರ್ಕ್‌ನ ಮೆರ್ಸ್ಕ್‌ಗೆ ಹೋಯಿತು. ಯೋಜನೆಯಲ್ಲಿದ್ದ ಹಡಗುಗಳ ಬಾವುಟ ಮಾತ್ರ ಅಮೆರಿಕದ್ದೇ, ನಾವಿಕರೂ ಅಲ್ಲಿಯವರೇ.

ನಮ್ಮಲ್ಲೂ 2021ರಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ 1,624 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ದೇಶದ ಆಮದು-ರಫ್ತು ಸರಕು ಸಾಗಣೆಯಲ್ಲಿ 1987-88ರಲ್ಲಿ 13.7% ಇದ್ದ ಭಾರತೀಯ ಹಡಗುಗಳ ಪಾಲು 2018-19ಕ್ಕೆ 7.8%ಗೆ ಇಳಿದಿತ್ತು. ಸರ್ಕಾರಿ ಸಂಸ್ಥೆಗಳು ತರಿಸುವ ಸರಕಿನ ಟೆಂಡರ್‌ನಲ್ಲಿ ವಿದೇಶಿ ಕಂಪನಿಯ ದರ ಕಡಿಮೆ ಇದ್ದರೆ, ಭಾರತೀಯ ಹಡಗಿಗೆ ಅದರ ವಯಸ್ಸು ನೋಡಿ ಆ ವಿದೇಶಿ ದರದ ಗರಿಷ್ಠ 15%ವರೆಗೆ ನೆರವು ಅಂತ ಗೊತ್ತು ಮಾಡಿತು; ನಿಜವಾದ ವ್ಯತ್ಯಾಸ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. ಮಿತಿ ಇಟ್ಟಿದ್ದು ಒಳ್ಳೆಯದೇ. ಯಾವ ಹಡಗಿಗೆ, ಯಾವ ಸರಕಿಗೆ, ಎಷ್ಟು ಹೋಯಿತು ಅನ್ನುವ ಪಟ್ಟಿಯನ್ನೂ ಪ್ರತಿ ವರ್ಷ ಎಲ್ಲರಿಗೂ ಸುಲಭವಾಗಿ ಸಿಗುವ ಹಾಗೆ ಪ್ರಕಟಿಸಬೇಕು.