ಕ್ಯಾಮೆರಾಕ್ಕೆ ಒಳಕಿವಿ ಇಲ್ಲ

ಅಕ್ಕನ ಮಗ ಹಣೆಗೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡು ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿ ಬಂದ. ಸಂಜೆ ತುಮಕೂರಿನ ಮನೆಯಲ್ಲಿ ಅದನ್ನು ಟಿವಿಗೆ ಹಾಕಿದ. "ಮಾಮ, ನಾನು ಕಂಡಿದ್ದೇ ನಿಮಗೂ ಕಾಣುತ್ತೆ" ಅಂದ. ಐದು ನಿಮಿಷಕ್ಕೆ ಅಕ್ಕ ಅಡುಗೆಮನೆಗೆ ಎದ್ದು ಹೋದಳು. ನನಗೂ ಹೊಟ್ಟೆ ತೊಳಸಿತು. ಬಂಡೆ, ಆಕಾಶ, ಅವನ ಶೂ, ಮತ್ತೆ ಬಂಡೆ. ಹತ್ತುವಾಗ ಅವನಿಗೆ ಬೆಟ್ಟ ಹೀಗೆ ಕುಣಿದಿರಲಿಲ್ಲ, ಅಲ್ವಾ?

ಒಂದು ಸಣ್ಣ ಪರೀಕ್ಷೆ ಮಾಡಿ. ಮುಖದ ಮುಂದೆ ಬೆರಳು ಹಿಡಿದು, ತಲೆಯನ್ನು "ಬೇಡ ಬೇಡ" ಅನ್ನುವ ಹಾಗೆ ಜೋರಾಗಿ ಆಡಿಸಿ. ಬೆರಳಿನ ಗೆರೆಗಳು ಚೆನ್ನಾಗಿಯೇ ಕಾಣುತ್ತವೆ. ಈಗ ತಲೆ ನಿಲ್ಲಿಸಿ ಬೆರಳನ್ನು ಅಷ್ಟೇ ಜೋರಾಗಿ ಆಡಿಸಿ. ಎಲ್ಲ ಮಸುಕು! ಗುಟ್ಟು ಇರುವುದು ಕಿವಿಯಲ್ಲಿ. ಒಳಕಿವಿಯಲ್ಲಿ ಮೂರು ಬಾಗಿದ ಕೊಳವೆಗಳಿವೆ, ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದರೆ ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ. ಆ ಸುದ್ದಿ ಕಣ್ಣಿನ ಸ್ನಾಯುಗಳಿಗೆ ಮುಟ್ಟಿ, ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣುಗುಡ್ಡೆ ಎದುರು ದಿಕ್ಕಿಗೆ ಹೊರಳುತ್ತದೆ. ನೋಟ ನಿಂತಲ್ಲೇ ನಿಲ್ಲುತ್ತದೆ. ಹಣೆಯ ಕ್ಯಾಮೆರಾಕ್ಕೆ ಈ ಏರ್ಪಾಡು ಎಲ್ಲಿಂದ ಬರಬೇಕು? (ಕುಲುಕಾಟ ತಗ್ಗಿಸುವ ಕ್ಯಾಮೆರಾಗಳೂ ಈಗ ಸಿಗುತ್ತವೆ. ನಮ್ಮ ಹುಡುಗನದು ಅಗ್ಗದ್ದು.) ಸಾಲದ್ದಕ್ಕೆ, ಅದನ್ನು ನೋಡುವಾಗ ನಮ್ಮ ಕಣ್ಣು "ನಡೀತಿದ್ದೀವಿ" ಅಂದರೆ ಕಿವಿ "ಇಲ್ಲ, ಸೋಫಾದಲ್ಲಿ ಕೂತಿದ್ದೀವಿ" ಅನ್ನುತ್ತದೆ. ಇವೆರಡರ ಜಗಳದಲ್ಲಿ ಕೆಡುವುದು ಹೊಟ್ಟೆ.

ಪಾತ್ರದ ಕಣ್ಣಿಂದ ತೋರಿಸುವ ಶಾಟಿಗೆ ಸಿನಿಮಾದವರು ಪಾಯಿಂಟ್ ಆಫ್ ವ್ಯೂ, ಚಿಕ್ಕದಾಗಿ ಪಿಒವಿ, ಅನ್ನುತ್ತಾರೆ. 1900ರಲ್ಲೇ ಬ್ರಿಟನ್ನಿನ ಜಾರ್ಜ್ ಆಲ್ಬರ್ಟ್ ಸ್ಮಿತ್ ಇದನ್ನು ಮಾಡಿದ್ದ. ಹುಡುಗನೊಬ್ಬ ಅಜ್ಜಿಯ ಭೂತಗನ್ನಡಿ ಹಿಡಿದು ನೋಡುತ್ತಾನೆ. ಕಟ್ ಆದರೆ, ದುಂಡು ಚೌಕಟ್ಟಿನೊಳಗೆ ಗಡಿಯಾರದ ಒಳಭಾಗ, ಹಕ್ಕಿ, ಅಜ್ಜಿಯ ದೊಡ್ಡ ಕಣ್ಣು! ಕ್ಯಾಮೆರಾ ಒಂಚೂರೂ ಕುಲುಕುವುದಿಲ್ಲ. ಆದರೂ ಅದು ಹುಡುಗನ ನೋಟ ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಮೊದಲು ನೋಡುವವನ ಮುಖ, ಆಮೇಲೆ ಅವನು ಕಂಡದ್ದು. ನಮ್ಮನ್ನು ನಂಬಿಸುವುದು ಈ ಜೋಡಣೆ.

1947ರಲ್ಲಿ ಬಂದ 'ಲೇಡಿ ಇನ್ ದ ಲೇಕ್' ಚಿತ್ರದಲ್ಲಿ ಹಾಲಿವುಡ್ಡಿನ ರಾಬರ್ಟ್ ಮಾಂಟ್ಗೊಮರಿ ಜೋಡಣೆಯನ್ನೇ ಕೈಬಿಟ್ಟ. ಹೆಚ್ಚೂಕಡಿಮೆ ಇಡೀ ಕಥೆ ಪತ್ತೇದಾರನ ಕಣ್ಣಿಂದಲೇ ಸಾಗುತ್ತದೆ. ಕಥೆಯೊಳಗೆ ಅವನ ಮುಖ ಕಾಣಬೇಕಾದರೆ ಅವನು ಕನ್ನಡಿ ಮುಂದೆ ನಿಲ್ಲಬೇಕು. ಎದುರಿನವರು ಕ್ಯಾಮೆರಾ ನೋಡಿಕೊಂಡೇ ಮಾತಾಡುತ್ತಾರೆ. ನನ್ನ ಮಟ್ಟಿಗೆ ಅದು ಸೋತ ಪ್ರಯೋಗ. ಅವನಿಗೆ ಭಯವಾಯಿತೋ, ಒಳಗೊಳಗೇ ನಗು ಬಂತೋ ತಿಳಿಯುವುದು ಹೇಗೆ? ಮುಖವೇ ಇಲ್ಲವಲ್ಲ.

ಅಕ್ಕನ ಮಗನ ವಿಡಿಯೊದಲ್ಲಿ ಒಂದೇ ಒಂದು ಕಡೆ ನನ್ನ ಅಂಗಾಲು ಜುಮ್ಮೆಂದಿತು. ಕಡಿದಾದ ಜಾಗದಲ್ಲಿ ಅವನ ಗೆಳೆಯ ಕಬ್ಬಿಣದ ಕಂಬಿ ಹಿಡಿದು ನಿಂತಿದ್ದ. ಕೆಳಗೆ ನೋಡಿ ಉಗುಳು ನುಂಗಿದ. ಆಮೇಲೆ ಕ್ಯಾಮೆರಾ ಮೆಲ್ಲಗೆ ಅತ್ತ ತಿರುಗಿತು. ಬರೀ ಬಂಡೆಯ ಇಳಿಜಾರು, ತೀರಾ ಕೆಳಗೆ ಚುಕ್ಕಿಗಳ ಹಾಗೆ ಊರಿನ ಮನೆಗಳು.

"ಇನ್ನೊಂದ್ಸಲ ಆ ಬೆಟ್ಟಕ್ಕೆ ಹೋಗು, ಹೇಳ್ತೀನಿ ನಿನಗೆ" ಅಂದಳು ಅಕ್ಕ, ಅಡುಗೆಮನೆ ಬಾಗಿಲಿಂದ.