ನೀಲಗಿರಿ ನೀರು ಕುಡಿಯುತ್ತೆ. ಸರಿ, ಅದಕ್ಕೆ?

ಮಾಲೂರು ಕಡೆ ನಮ್ಮ ಚಿಕ್ಕಪ್ಪನ ಹೊಲದ ಪಕ್ಕದಲ್ಲೇ ಎರಡು ಎಕರೆ ನೀಲಗಿರಿ ತೋಪು ಇತ್ತು. ಬದುವಿನ ಮೇಲೆ ನಿಂತು ಚಿಕ್ಕಪ್ಪನೂ ತೋಪಿನವನೂ ಜಗಳ ಆಡುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ.

"ನಿನ್ನ ಮರ ಬಂದ ಮೇಲೇ ಕಣಪ್ಪ ನನ್ನ ಬಾವಿ ಬತ್ತಿದ್ದು."

"ನನ್ನ ಜಮೀನು, ನನ್ನಿಷ್ಟ. ನೀನು ಮೂರು ಬೋರ್ ಕೊರೆಸಿದೆಯಲ್ಲಣ್ಣ, ಅದು ಲೆಕ್ಕಕ್ಕಿಲ್ವಾ?"

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ನಲವತ್ತು ವರ್ಷದಿಂದ ನಡೆದಿರುವ ವಾದ ಹೆಚ್ಚುಕಮ್ಮಿ ಇಷ್ಟೇ.

ಮರವೇನೂ ನಮಗೆ ಹೊಸದಲ್ಲ. ಸುಮಾರು 1790ರಲ್ಲಿ ಟಿಪ್ಪು ನಂದಿ ಬೆಟ್ಟದ ತೋಟದಲ್ಲಿ ನೆಡಿಸಿದ ಎನ್ನುತ್ತಾರೆ. ಬೆಟ್ಟದ ಮರ ರಾಗಿ ಹೊಲಕ್ಕೆ ಇಳಿದದ್ದು ಮುಖ್ಯವಾಗಿ 1980ರ ದಶಕದಲ್ಲಿ, ಸರ್ಕಾರ ಊರೂರಲ್ಲಿ ಮರ ಬೆಳೆಸಲು ತಂದ ಸಾಮಾಜಿಕ ಅರಣ್ಯ ಯೋಜನೆಯ ಸಸಿಗಳ ಜೊತೆ. ದನ ಮೇಯಲ್ಲ, ಕಳೆಗೆ ಆಳು ಬೇಕಿಲ್ಲ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ, ಕಾಗದ ಮತ್ತು ರೇಯಾನ್ ಕಾರ್ಖಾನೆಯವರು ಕೊಳ್ಳುತ್ತಾರೆ. ಬೆಂಗಳೂರು ಸೇರಿದ ಜಮೀನುದಾರನಿಗೆ ಇನ್ನೇನು ಬೇಕು? ವಿರೋಧವೂ ಆಗಲೇ ಶುರುವಾಯಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತುಹಾಕಿ, ಅಲ್ಲಿ ಹುಣಸೆ, ಮಾವಿನ ಬೀಜ ಬಿತ್ತಿದರು.

ಈಗ ಚಿಕ್ಕಪ್ಪನ ಮಾತು ನೋಡೋಣ. ಮರ ಬಂತು, ಬಾವಿ ಬತ್ತಿತು. ಕಾಗೆ ಕೂತಿತು, ತಾಳೆ ಹಣ್ಣು ಬಿತ್ತು. ಕಾಕತಾಳೀಯ ಎಂಬ ಪದ ಹುಟ್ಟಿದ್ದೇ ಇಂಥ ಕಡೆ. ಅದೇ ಹೊತ್ತಿಗೆ ಬೋರ್‌ವೆಲ್‌ಗಳೂ ಬಂದವು, ಕೆರೆಗಳಲ್ಲಿ ಹೂಳೂ ತುಂಬಿತು. ಹಾಗಾದರೆ ಮರದ ತಪ್ಪೇ ಇಲ್ಲವೇ? ಹಾಗೂ ಅಲ್ಲ.

ನಮ್ಮ ಹಳೆಯ ತರ್ಕದವರ ಒಂದು ಉದಾಹರಣೆ ಇಲ್ಲಿ ಚೆನ್ನಾಗಿ ಕೂರುತ್ತೆ. ಹೊಗೆ ಇದ್ದ ಕಡೆ ಬೆಂಕಿ ಇರುತ್ತೆ. ಆದರೆ ಬೆಂಕಿ ಇದ್ದ ಕಡೆಯೆಲ್ಲ ಹೊಗೆ ಇರುತ್ತಾ? ಇಲ್ಲ, ಕೆಂಡಕ್ಕೆ ಹೊಗೆ ಇಲ್ಲ. ಸೌದೆ ಹಸಿ ಇದ್ದರೆ ಮಾತ್ರ ಹೊಗೆ. ಮುಚ್ಚಿಟ್ಟುಕೊಂಡ ಆ ಷರತ್ತಿಗೆ ಅವರು 'ಉಪಾಧಿ' ಎಂದರು. ನೀಲಗಿರಿಯ ಹಸಿ ಸೌದೆ ಯಾವುದು, ಅಂದರೆ ಯಾವ ಷರತ್ತಿದ್ದರೆ ಅದು ನೀರು ಬತ್ತಿಸುತ್ತೆ? 1990ರ ದಶಕದ ಆರಂಭದಲ್ಲಿ ಪ್ರಕಟವಾದ ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ತಂಡದ ಅಧ್ಯಯನ ಕರ್ನಾಟಕದಲ್ಲೇ ನಡೆದದ್ದು. ನೀಲಗಿರಿ ರಾಗಿಯ ಸುಮಾರು ಎರಡರಷ್ಟು ನೀರು ಎಳೆಯುತ್ತೆ, ಆದರೆ ಕೆಲವು ಕಡೆ ನಮ್ಮ ನಾಡ ಕಾಡು ಎಳೆಯುವುದೂ ಅಷ್ಟೇ ಎಂದು ಕಂಡಿತು. ಮಾಲೂರಿನ ಪಕ್ಕದ ಹೊಸಕೋಟೆಯಲ್ಲಿ ಮಾತ್ರ, ಮಣ್ಣು ಆಳವಾಗಿದ್ದ ಹೊಲದಲ್ಲಿ, ಮಳೆ ಕೊಟ್ಟದ್ದಕ್ಕಿಂತ ಜಾಸ್ತಿ ನೀರನ್ನು ಮರ ಹೀರಿತ್ತು. ಆಳದ ಮಣ್ಣೇ ಹಸಿ ಸೌದೆ. ತಮಾಷೆ ಅಂದರೆ ಇದೇ ಅಧ್ಯಯನವನ್ನು ಎರಡೂ ಕಡೆಯವರು ತಮ್ಮದೇ ಸಾಕ್ಷಿ ಎಂದು ಹಿಡಿದು ಓಡಾಡಬಹುದು.

ಸರಿ, ಮರ ನೀರು ಕುಡಿಯುತ್ತೆ ಎಂದೇ ಇಟ್ಟುಕೊಳ್ಳೋಣ. 'ಆದ್ದರಿಂದ ನೆಡಬಾರದು' ಎನ್ನುವುದು ಎಲ್ಲಿಂದ ಬಂತು? ಇರುವುದನ್ನು ಹೇಳುತ್ತಾ ಹೇಳುತ್ತಾ ಜನ ಗೊತ್ತಾಗದಂತೆ ಇರಬೇಕಾದ್ದಕ್ಕೆ ಹಾರಿಬಿಡುತ್ತಾರೆ ಎಂದು ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರ ಆಸುಪಾಸಿನಲ್ಲೇ ಗುರುತಿಸಿದ್ದ. ನಡುವೆ ಇನ್ನೊಂದು ಮಾತು ಬೇಕು: ಪಕ್ಕದವನ ಬಾವಿ ಬತ್ತಿಸುವ ಹಕ್ಕು ಯಾರಿಗೂ ಇಲ್ಲ. 'ನನ್ನಿಷ್ಟ' ಎನ್ನುವವನ ಸ್ವಾತಂತ್ರ್ಯಕ್ಕೆ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಎಳೆದ ಗೆರೆಯೂ ಇದೇ, ಇನ್ನೊಬ್ಬರಿಗೆ ಆಗುವ ಹಾನಿ. ನಮ್ಮ ಜಗಳಗಳಲ್ಲಿ ಈ ನಡುವಿನ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಹೇಳಿದರೆ ಚಿಕ್ಕಪ್ಪನಿಗೇ ಕಷ್ಟ. ಮರಕ್ಕೆ ಅನ್ವಯಿಸಿದ್ದು ಬೋರ್‌ಗೂ ಅನ್ವಯಿಸುತ್ತಲ್ಲ.

ತೋಪಿನವನು ಎತ್ತಿದ್ದೂ ಅದನ್ನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನೋ ಥರ. ಆದರೆ ಚಿಕ್ಕಪ್ಪ ಬೋರ್ ಕೊರೆಸಿದ ಎಂಬುದರಿಂದ ಮರ ನೀರು ಕುಡಿಯುವುದು ನಿಲ್ಲುವುದಿಲ್ಲ. ತನ್ನದೊಂದು ಪಕ್ಷ ಇಡದೆ ಎದುರಿನವನ ಮಾತು ಕೆಡವುವುದೇ ನಮ್ಮ ಹಳೆಯ ತರ್ಕದ ಗ್ರಂಥ ನ್ಯಾಯಸೂತ್ರದವರ ಪ್ರಕಾರ ವಿತಂಡ. ನಾವು ಸುಮ್ನೆ ಹಟ ಮಾಡುವವರಿಗೆಲ್ಲ ಆ ಪದ ಅಂಟಿಸುತ್ತೇವೆ. ಅಷ್ಟಾದರೂ ತೋಪಿನವನ ಪ್ರಶ್ನೆ ಸುಳ್ಳಲ್ಲ, ಸರಿಯಾದ ಜಾಗದಲ್ಲಿ ಕೇಳಲಿಲ್ಲ ಅಷ್ಟೇ.

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಚಿಕ್ಕಪ್ಪ ಗೆದ್ದೆ ಎಂದುಕೊಂಡರು. ಆಮೇಲೆ ತೋಪಿನವನು ಜೆಸಿಬಿ ತರಿಸಿ ಬೊಡ್ಡೆಗಳನ್ನೆಲ್ಲ ಕೀಳಿಸಿದ. ಗುಂಡಿ ಮುಚ್ಚಿ, ಬದುವಿಗೆ ಹತ್ತಿರದಲ್ಲೇ ಬೋರ್ ಕೊರೆಸಿ ಟೊಮ್ಯಾಟೊ ಹಾಕಿದ. ಬೋರ್ ಲಾರಿ ಸದ್ದು ಮಾಡುತ್ತಿದ್ದ ರಾತ್ರಿ ಚಿಕ್ಕಪ್ಪ ಹಗ್ಗದ ಮಂಚದ ಮೇಲೆ ಎದ್ದು ಕೂತು ಕೇಳಿದರು, "ಇದಕ್ಕೆ ಏನಂತೀಯೋ?"