ಮಾರ್ಸೇಲ್‌ನಲ್ಲಿ ಮೊಹರು ಒತ್ತಿದ ಕೈ

1940ರ ಬೇಸಿಗೆಯಲ್ಲಿ ಫ್ರಾನ್ಸ್‌ನಿಂದ ಹೊರಬೀಳಲು ಒಬ್ಬ ನಿರಾಶ್ರಿತನಿಗೆ ಎಷ್ಟು ಕಾಗದಪತ್ರ ಬೇಕಿತ್ತು ಎಂಬುದನ್ನು ಮೊದಲು ತಿಳಿಯಬೇಕು. ಹೋಗಿ ಸೇರುವ ದೇಶದ ವೀಸಾ ಕೈಯಲ್ಲಿದ್ದರೆ ಪೋರ್ಚುಗಲ್ ಹಾದುಹೋಗುವ ಅನುಮತಿ ಸಿಗುತ್ತಿತ್ತು. ಅದನ್ನು ತೋರಿಸಿದರೆ ಸ್ಪೇನ್ ದಾಟುವ ಅನುಮತಿ. ಇವೆಲ್ಲದರ ಮೇಲೆ, ಜರ್ಮನಿಗೆ ಸೋತ ಮೇಲೆ ದಕ್ಷಿಣ ಫ್ರಾನ್ಸನ್ನು ಆಳುತ್ತಿದ್ದ ವಿಶಿ ಸರ್ಕಾರ ದೇಶ ಬಿಡಲು ಕೊಡಬೇಕಾದ ಒಪ್ಪಿಗೆ. ಪ್ರತಿಯೊಂದಕ್ಕೂ ಒಂದು ಅವಧಿ. ಕೊನೆಯದು ಕೈಸೇರುವ ಹೊತ್ತಿಗೆ ಮೊದಲನೆಯದರ ಅವಧಿ ಮುಗಿದಿರುವುದೂ ಇತ್ತು. ಇತ್ತ ಫ್ರಾನ್ಸ್ ಜರ್ಮನಿಯೊಂದಿಗೆ ಮಾಡಿಕೊಂಡ ಜೂನ್ 22ರ ಕದನವಿರಾಮ ಒಪ್ಪಂದದ 19ನೆಯ ವಿಧಿಯಂತೆ, ಜರ್ಮನಿ ಹೆಸರು ಹೇಳಿ ಕೇಳಿದ ಜರ್ಮನ್ನರನ್ನು ಫ್ರಾನ್ಸ್ ಒಪ್ಪಿಸಲೇಬೇಕಿತ್ತು. ಹಿಟ್ಲರನಿಂದ ಒಮ್ಮೆ ತಪ್ಪಿಸಿಕೊಂಡು ಬಂದಿದ್ದ ಲೇಖಕರು, ಕಲಾವಿದರು, ವಿಜ್ಞಾನಿಗಳು ಮತ್ತೆ ಗಂಟುಮೂಟೆ ಕಟ್ಟಿ ದಕ್ಷಿಣದ ಬಂದರು ಮಾರ್ಸೇಲ್‌ಗೆ ಓಡಿದರು.

ಅಲ್ಲಿನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ವೀಸಾ ವಿಭಾಗ ನೋಡಿಕೊಳ್ಳುತ್ತಿದ್ದವರು 37 ವರ್ಷದ ವೈಸ್ ಕಾನ್ಸುಲ್, ನಾಲ್ಕನೆಯ ಹೈರಮ್ ಬಿಂಗಮ್.

ಅಮೆರಿಕ ಆಗ ಬಾಗಿಲು ಮುಚ್ಚುತ್ತಿದ್ದ ದೇಶ. 1924ರ ವಲಸೆ ಕಾನೂನು ಯುರೋಪಿನ ಪ್ರತಿ ದೇಶಕ್ಕೂ ವಾರ್ಷಿಕ ಮಿತಿ ಹಾಕಿತ್ತು. ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ಹುಟ್ಟಿದವರಿಗೆ ಸೇರಿ ವರ್ಷಕ್ಕೆ 27,370. ಆ ಮಿತಿಯೊಳಗಿದ್ದವರನ್ನೂ, ಮುಂದೆ ಸರ್ಕಾರಕ್ಕೆ ಹೊರೆಯಾದಾರು ಎಂಬ ಕಾರಣ ಕೊಟ್ಟು ಕಾನ್ಸುಲ್ ತಿರಸ್ಕರಿಸಬಹುದಿತ್ತು. ವಿದೇಶಾಂಗ ಇಲಾಖೆಯಲ್ಲಿ ವೀಸಾ ವಿಷಯದ ಹೊಣೆ ಹೊತ್ತಿದ್ದ ಬ್ರೆಕಿನ್‌ರಿಡ್ಜ್ ಲಾಂಗ್ ಇದೇ ಜೂನ್ 26ರಂದು ಒಂದು ಟಿಪ್ಪಣಿ ಬರೆದರು. ಹೊಸ ಕಾನೂನೇನೂ ಬೇಕಿಲ್ಲ, ಇನ್ನಷ್ಟು ಪುರಾವೆ ಕೇಳುತ್ತ, ಅಡ್ಡಿ ಒಡ್ಡುತ್ತ, ಮುಂದೂಡುತ್ತಲೇ ಇರುವಂತೆ ಕಾನ್ಸುಲ್‌ಗಳಿಗೆ ಹೇಳಿದರೆ ಸಾಕು ಎಂಬುದು ಅದರ ಸಾರ. ಆ ಟಿಪ್ಪಣಿಯ ತಣ್ಣನೆಯ ಧಾಟಿ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಅಲ್ಲಿ ಯಾರ ಮೇಲೂ ದ್ವೇಷದ ಮಾತಿಲ್ಲ, ಕಚೇರಿಯ ಭಾಷೆ ಮಾತ್ರ ಇದೆ.

ತಿರಸ್ಕರಿಸಲು ಕೊಟ್ಟಿದ್ದ ವಿವೇಚನಾಧಿಕಾರವನ್ನೇ ಬಿಂಗಮ್ ಒಳಗೆ ಬಿಡಲು ಬಳಸಿದರು. ಪಾಸ್‌ಪೋರ್ಟ್ ಇಲ್ಲದವರಿಗೆ ಅದರ ಬದಲು ಪ್ರಮಾಣಪತ್ರ ಮಾಡಿಕೊಟ್ಟು ಅದರ ಮೇಲೆಯೇ ವೀಸಾ ಒತ್ತಿದರು. ಕಾದಂಬರಿಕಾರ ಲಿಯೋನ್ ಫೊಯಿಕ್ಟ್‌ವಾಂಗರ್ ಅವರ ಜರ್ಮನ್ ಪೌರತ್ವವನ್ನು ನಾಜಿಗಳು 1933ರಲ್ಲೇ ಕಿತ್ತುಕೊಂಡಿದ್ದರು. 1940ರ ಬೇಸಿಗೆಯಲ್ಲಿ ಅವರು ನೀಮ್ ಪಟ್ಟಣದ ಬಳಿಯ ಬಂಧನ ಶಿಬಿರದಲ್ಲಿದ್ದರು. ಬಿಂಗಮ್‌ರ ಸಹೋದ್ಯೋಗಿ ಮೈಲ್ಸ್ ಸ್ಟ್ಯಾಂಡಿಶ್ ಅಲ್ಲಿಗೆ ಕಾರು ಒಯ್ದು, ಲೇಖಕರಿಗೆ ಹೆಂಗಸಿನ ಕೋಟು ತೊಡಿಸಿ, ತಲೆಗೆ ಶಾಲು ಹೊದಿಸಿ ಕರೆತಂದರು. ದಾರಿಯಲ್ಲಿ ತಡೆದವರಿಗೆ ತನ್ನ ಅತ್ತೆ ಎಂದು ಹೇಳಿದರು. ಫೊಯಿಕ್ಟ್‌ವಾಂಗರ್ ಮುಂದೆ ಅಡಗಿದ್ದು ಬಿಂಗಮ್ ಅವರ ಮನೆಯಲ್ಲೇ. ಅವರಿಗೆ ಕೊಟ್ಟ ಕಾಗದದಲ್ಲಿದ್ದ ಹೆಸರು ‘ವೆಟ್‌ಚೀಕ್’, ಅಂದರೆ ಒದ್ದೆ ಕೆನ್ನೆ. ಅವರ ಜರ್ಮನ್ ಹೆಸರಿನ ಅರ್ಥವೂ ಅದೇ!

ಆಗಸ್ಟ್‌ನಲ್ಲಿ ವೇರಿಯನ್ ಫ್ರೈ ಎಂಬ ಪತ್ರಕರ್ತ, ಪಾರುಮಾಡಬೇಕಾದವರ ಪಟ್ಟಿ ಹಿಡಿದು ಅಮೆರಿಕದಿಂದ ಬಂದಿಳಿದರು. ಅವರ ಗುಟ್ಟಿನ ಕೆಲಸಕ್ಕೆ ಕಾನ್ಸುಲೇಟ್‌ನೊಳಗೆ ಸಿಕ್ಕ ಗಟ್ಟಿ ಆಸರೆ ಬಿಂಗಮ್. ಚಿತ್ರಕಾರ ಮಾರ್ಕ್ ಶಗಾಲ್ ಹೀಗೆ ಪಾರಾದವರಲ್ಲಿ ಒಬ್ಬರು. ಆದರೆ ಹೆಸರುವಾಸಿಗಳ ಪಟ್ಟಿಯಿಂದಷ್ಟೇ ಈ ಅಧಿಕಾರಿಯನ್ನು ಅಳೆಯುವುದು ಸರಿಯಲ್ಲ. 1940ರ ಕೊನೆಯಲ್ಲಿ ಅವರು ಗುರ್ಸ್, ಲೆ ವೆರ್ನೆ ಮೊದಲಾದ ಶಿಬಿರಗಳನ್ನು ಖುದ್ದಾಗಿ ಸುತ್ತಿ, ಅಲ್ಲಿನ ದುಃಸ್ಥಿತಿಯ ವರದಿ ಬರೆದರು. ಅಲ್ಲಿದ್ದವರಲ್ಲಿ ಬಹುಪಾಲು ಜನ ಯಾವ ಪಟ್ಟಿಯಲ್ಲೂ ಇಲ್ಲದ ಸಾಮಾನ್ಯರು.

ಇಂಥ ಹಟಕ್ಕೆ ಬೇರು ಎಲ್ಲಿತ್ತು? ಮನೆತನದಲ್ಲಿ ಹುಡುಕುವುದು ಸಹಜ. ಮೊದಲನೆಯ ಹೈರಮ್ ಬಿಂಗಮ್ 1820ರಲ್ಲಿ ಹವಾಯಿಗೆ ಹೋದ ಮಿಷನರಿ. ಎರಡನೆಯವರು ಪೆಸಿಫಿಕ್‌ನ ಗಿಲ್ಬರ್ಟ್ ದ್ವೀಪಗಳ ಭಾಷೆಗೆ ಲಿಪಿ ಹೊಂದಿಸಿ, ಬೈಬಲ್ಲನ್ನು ಅದಕ್ಕೆ ಅನುವಾದಿಸಿದರು. ಮೂರನೆಯವರು, ಅಂದರೆ ನಮ್ಮ ಅಧಿಕಾರಿಯ ತಂದೆ, 1911ರಲ್ಲಿ ಪೆರು ದೇಶದ ಪ್ರಾಚೀನ ಇಂಕಾ ನೆಲೆ ಮಾಚು ಪಿಚುವನ್ನು ಹೊರಜಗತ್ತಿಗೆ ಪರಿಚಯಿಸಿದವರು. ಸುತ್ತಲಿನ ರೈತರಿಗೆ ಅದು ಮೊದಲೇ ಗೊತ್ತಿತ್ತು ಎನ್ನುವುದನ್ನು ಮರೆಯಬಾರದು. 1925ರ ಜನವರಿಯಲ್ಲಿ ಕನೆಕ್ಟಿಕಟ್‌ನ ಗವರ್ನರ್ ಆದ ಅವರು ಒಂದೇ ದಿನದಲ್ಲಿ ಅದನ್ನು ಬಿಟ್ಟು ಸೆನೆಟರ್ ಆದರು. ಅಧಿಕಾರಿಯ ತಮ್ಮ ಜೊನಾಥನ್ 1965ರಿಂದ 1983ರವರೆಗೆ ನ್ಯೂಯಾರ್ಕ್‌ನ ಬ್ರಾಂಕ್ಸ್ ಪ್ರದೇಶವನ್ನು ಸಂಸತ್ತಿನ ಕೆಳಮನೆಯಲ್ಲಿ ಪ್ರತಿನಿಧಿಸಿದರು. ಹೀಗೆ ಪೀಠದಿಂದಲೋ ವೇದಿಕೆಯಿಂದಲೋ ಮಾತನಾಡಿದವರೇ ತುಂಬಿದ್ದ ಮನೆಯಲ್ಲಿ, ಮಾತೇ ಆಡದೆ ಸೇವೆ ಮಾಡಿದವರು ಈ ನಾಲ್ಕನೆಯ ಹೈರಮ್. ನನ್ನ ಮಟ್ಟಿಗೆ ಮನೆತನದ ಹಿರಿಮೆಯೆಲ್ಲ ಅವರಲ್ಲೇ ಮಾಗಿದೆ.

1941ರಲ್ಲಿ ಇಲಾಖೆ ಅವರನ್ನು ಮಾರ್ಸೇಲ್‌ನಿಂದ ಎತ್ತಿ ಲಿಸ್ಬನ್‌ಗೆ, ಅಲ್ಲಿಂದ ಬ್ಯೂನಸ್ ಐರಿಸ್‌ಗೆ ಹಾಕಿತು. ಅರ್ಜೆಂಟೀನಾದಲ್ಲಿ ನಾಜಿಗಳ ಚಟುವಟಿಕೆಯ ಬಗ್ಗೆ ಅವರು ಎಚ್ಚರಿಸುತ್ತಲೇ ಇದ್ದರು, ಕೇಳುವವರಿರಲಿಲ್ಲ. ಬಡ್ತಿ ಬರಲಿಲ್ಲ. ಕೊನೆಗೆ ಕೆಲಸ ಬಿಟ್ಟು, ಕನೆಕ್ಟಿಕಟ್‌ನ ಸೇಲಂನಲ್ಲಿದ್ದ ಮನೆಗೆ ಮರಳಿದರು. ಹನ್ನೊಂದು ಮಕ್ಕಳ ತಂದೆಯಾಗಿದ್ದ ಅವರು, ಫ್ರಾನ್ಸ್‌ನಲ್ಲಿ ಮಾಡಿದ್ದನ್ನು ಆ ಮಕ್ಕಳಿಗೂ ಬಿಚ್ಚಿ ಹೇಳಲಿಲ್ಲ. 1988ರಲ್ಲಿ ತೀರಿಕೊಂಡರು. ಹಳೆಯ ಮನೆಯ ಅಗ್ಗಿಷ್ಟಿಕೆಯ ಹಿಂಬದಿಯ ಗೂಡಿನಲ್ಲಿ ಮಾರ್ಸೇಲ್ ಕಾಲದ ಕಾಗದಪತ್ರಗಳ ಕಟ್ಟು ಕುಟುಂಬದವರಿಗೆ ಸಿಕ್ಕಿದ್ದು ಆಮೇಲೆ, 1990ರ ದಶಕದಲ್ಲಿ.

ಅಲ್ಲಿಂದ ಮಕ್ಕಳ ಓಡಾಟ ಶುರುವಾಯಿತು. 2002ರಲ್ಲಿ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್, ‘ರಚನಾತ್ಮಕ ಭಿನ್ನಮತ’ಕ್ಕಾಗಿ ಮರಣೋತ್ತರ ಗೌರವವನ್ನು ಕುಟುಂಬಕ್ಕೆ ಒಪ್ಪಿಸಿದರು. ಮಾತು ಕೇಳದ ನೌಕರನೆಂದು ಮೂಲೆಗೆ ತಳ್ಳಿದ್ದ ಇಲಾಖೆಯೇ ಆ ಭಿನ್ನಮತವನ್ನು ಸನ್ಮಾನಿಸಲು ಅರವತ್ತು ವರ್ಷ ಬೇಕಾಯಿತು. ಯಹೂದಿ ನರಮೇಧದ ನೆನಪನ್ನು ಕಾಪಾಡುವ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ 2005ರಲ್ಲಿ ಮೆಚ್ಚುಗೆಯ ಪತ್ರ ಕೊಟ್ಟಿತು. ಯಹೂದಿಗಳನ್ನು ಕಾಪಾಡಿದ ಅನ್ಯರಿಗೆ ಸಲ್ಲುವ ‘ನ್ಯಾಯವಂತ’ ಎಂಬ ಉನ್ನತ ಬಿರುದನ್ನು ಮಾತ್ರ ಕೊಡಲಿಲ್ಲ. 2006ರ ಮೇ 30ರಂದು ಅಮೆರಿಕದ ಅಂಚೆ ಇಲಾಖೆ ಆರು ರಾಜತಾಂತ್ರಿಕರ ನೆನಪಿಗೆ 39 ಸೆಂಟ್‌ನ ಅಂಚೆಚೀಟಿಗಳನ್ನು ತಂದಿತು. ಆ ಆರು ಮಂದಿಯಲ್ಲಿ ರಾಯಭಾರಿಯ ಹುದ್ದೆಗೆ ಏರದವರು ಬಿಂಗಮ್ ಒಬ್ಬರೇ.